ಗೇರುಹಣ್ಣು ಮತ್ತು ಸೂಕ್ಷ್ಮ ರಕ್ತನಾಳಗಳ ಆರೋಗ್ಯ

ಮಂಗಳೂರಿನ ಸುತ್ತಮುತ್ತಲ ಗೇರು ತೋಟಗಳಲ್ಲಿ ಬೀಜ ಹೆಕ್ಕಿ, ಹಣ್ಣನ್ನು ಮರದ ಬುಡದಲ್ಲೇ ಕೊಳೆಯಲು ಬಿಡುವುದು ಸಾಮಾನ್ಯ. ಬೀಜಕ್ಕಿಂತ ಐದಾರು ಪಟ್ಟಿಗೂ ಹೆಚ್ಚು ತೂಗುವ ಈ ಹಣ್ಣಿನ 100 ಗ್ರಾಂನಲ್ಲಿ ಸುಮಾರು 180 ಮಿ.ಗ್ರಾಂ ‘ಸಿ’ ಜೀವಸತ್ವವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದಿನಕ್ಕೆ ಪುರುಷರಿಗೆ 80, ಮಹಿಳೆಯರಿಗೆ 65 ಮಿ.ಗ್ರಾಂ ಸಾಕು.

ನಮ್ಮ ದೇಹದ ಅತಿ ಸಣ್ಣ ರಕ್ತನಾಳಗಳು ಕೂದಲಿಗಿಂತಲೂ ತೆಳು. ಅವುಗಳಿಗೆ ಆಧಾರ ಕೊಡುವುದು ಕೊಲಾಜೆನ್ ಎಂಬ ಸಸಾರಜನಕ. ತೆಂಗಿನ ನಾರಿನ ಹಗ್ಗದಂತೆ ಇದರಲ್ಲಿ ಮೂರು ಎಳೆಗಳು ಹೊಸೆದುಕೊಂಡಿರುತ್ತವೆ. ಈ ಹುರಿ ಬಿಚ್ಚದೆ ಗಟ್ಟಿಯಾಗಿ ನಿಲ್ಲಲು ‘ಸಿ’ ಜೀವಸತ್ವ ಬೇಕೇ ಬೇಕು. ತಿಂಗಳುಗಟ್ಟಲೆ ಅದು ದೊರೆಯದಿದ್ದರೆ ಹುರಿ ಸಡಿಲವಾಗಿ, ನಾಳಗಳು ಒಡೆದು ರಕ್ತ ಜಿನುಗುತ್ತದೆ. ಒಸಡಿನಲ್ಲಿ ರಕ್ತ, ಚರ್ಮದ ಮೇಲೆ ಕೆಂಪು ಚುಕ್ಕೆ, ಬೇಗ ಮಾಯದ ಗಾಯ ಇವು ಸ್ಕರ್ವಿ ರೋಗದ ಲಕ್ಷಣಗಳು. ಇವುಗಳಿಗೆ ಬೇರೆ ಕಾರಣಗಳೂ ಇರಬಹುದಾದ್ದರಿಂದ ವೈದ್ಯರಿಗೆ ತೋರಿಸಿರಿ.

ಗೇರುಹಣ್ಣಿನ ಚೊಗರಿಗೆ ಅದರಲ್ಲಿರುವ ಟ್ಯಾನಿನ್ ಕಾರಣ. 1 ಲೀಟರ್ ರಸಕ್ಕೆ 5 ಗ್ರಾಂ ಸಾಬಕ್ಕಿಯ ಗಂಜಿ ಬೆರೆಸಿಟ್ಟರೆ ಟ್ಯಾನಿನ್ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬಸಿದು, ಸಕ್ಕರೆ ಸೇರಿಸಿ ಕುಡಿಯಿರಿ. ತಾಮ್ರದ ಪಾತ್ರೆ ಬಳಸಬೇಡಿ; ಹೆಚ್ಚು ಕುದಿಸಲೂ ಬೇಡಿ. ಎರಡರಿಂದಲೂ ಜೀವಸತ್ವ ನಾಶವಾಗುತ್ತದೆ. ಕೀಟನಾಶಕ ಸಿಂಪಡಿಸಿದ ಮರದ ಹಣ್ಣನ್ನು ಔಷಧಿಯ ಚೀಟಿಯಲ್ಲಿ ಹೇಳಿದ ಅವಧಿ ಕಳೆಯುವವರೆಗೆ ಉಪಯೋಗಿಸಬಾರದು.

ದೇಹವು ಈ ಜೀವಸತ್ವವನ್ನು ಬಹುಕಾಲ ಕೂಡಿಡಲಾರದು. ಆದುದರಿಂದ ಗೇರಿನ ಕಾಲ ಮುಗಿದ ಮೇಲೆ ನೆಲ್ಲಿ, ಪೇರಳೆ, ನುಗ್ಗೆಸೊಪ್ಪು ನಿಮ್ಮ ಊಟದಲ್ಲಿರಲಿ. ಹಿತ್ತಿಲಲ್ಲಿ ಒಂದು ಪೇರಳೆ ಗಿಡವಿದ್ದರೆ ಮನೆಮಂದಿಗೆಲ್ಲ ಅನುಕೂಲ.