ಗೇಣಗಲದ ಅಯೋಧ್ಯೆ

ಕಲಬುರಗಿಯಲ್ಲಿ ಪುರಾಣದ ಚಿತ್ರ ಎಂದರೆ ಮೊದಲು ನೆನಪಾಗುವವರು ಎಸ್.ಎಂ. ಪಂಡಿತರು. 1916ರಲ್ಲಿ ಇಲ್ಲಿ ಹುಟ್ಟಿ, ಮುಂಬೈಯಲ್ಲಿ ಹೆಸರು ಮಾಡಿ, ಪುರಾಣದ ಪಾತ್ರಗಳನ್ನು ಕ್ಯಾಲೆಂಡರುಗಳ ಮೂಲಕ ಮನೆಮನೆಯ ಗೋಡೆಗೆ ತಂದವರು. ಆದರೆ ಅವರಿಗೂ ಎಷ್ಟೋ ಮೊದಲು ಇದೇ ಸೀಮೆಯಲ್ಲಿ ರಾಮಾಯಣ, ಭಾಗವತಗಳನ್ನು ಗೇಣಗಲದ ಜಾಗದಲ್ಲಿ ಕೂರಿಸಿದ ಪರಂಪರೆಯೊಂದಿತ್ತು. ಅದೇ ಸುರಪುರದ ಕಿರುಚಿತ್ರ.

ನನ್ನನ್ನು ಹಿಡಿದು ನಿಲ್ಲಿಸುವುದು ರಾಮಪಟ್ಟಾಭಿಷೇಕ. ನಡುವೆ ರಾಮ, ಸೀತೆ. ಕೊಡೆ, ಚಾಮರ ಹಿಡಿದ ತಮ್ಮಂದಿರು. ಒಂದೆಡೆ ವಸಿಷ್ಠ, ಇನ್ನೊಂದೆಡೆ ಸುಗ್ರೀವ, ವಿಭೀಷಣ, ಜಾಂಬವಂತ. ಪಾದದ ಬಳಿ ಹನುಮಂತ. ಇಷ್ಟೂ ಜನರಿಗೆ ಗೇಣಗಲದಲ್ಲಿ ಜಾಗ ಕೊಡಬೇಕು, ಯಾರೂ ಇನ್ನೊಬ್ಬರ ಹಿಂದೆ ಕಳೆದುಹೋಗಬಾರದು. ಕಡಲೆಕಾಳಿನಷ್ಟು ಮುಖದಲ್ಲೂ ಹನುಮಂತನ ಭಕ್ತಿ ಕಾಣಬೇಕು. ಇಲ್ಲಿ ಕೂದಲೆಳೆಯಷ್ಟು ಗೆರೆ ಜಾರಿದರೂ ಕಣ್ಣಿನ ನೋಟ ಬದಲಾಗಿಬಿಡುತ್ತದೆ. ದೊಡ್ಡ ಕ್ಯಾನ್ವಾಸಿನಲ್ಲಿ ಮುಚ್ಚಿಹೋಗುವ ತಪ್ಪಿಗೆ ಕಿರುಚಿತ್ರದಲ್ಲಿ ಅಡಗುವ ಜಾಗವಿಲ್ಲ.

ಹಲಗೆಗೆ ಬಟ್ಟೆ ಅಂಟಿಸಿ, ಬಿಳಿ ಲೇಪ ಬಳಿದು, ನುಣುಪಾಗಿಸಿ ಚಿತ್ರ ಬರೆಯುತ್ತಿದ್ದರು. ಕಿರೀಟ, ಹಾರ, ಕಂಬಗಳಿರುವ ಕಡೆ ಲೇಪವನ್ನು ತುಸು ಉಬ್ಬಿಸಿ ಚಿನ್ನದ ರೇಕು ಕೂರಿಸುತ್ತಿದ್ದರು. ಬಣ್ಣ ಅಂಟಿನಲ್ಲಿ ಕಲಸಿದ್ದು. ಮೈಸೂರು, ತಂಜಾವೂರುಗಳ ಚಿನ್ನದ ಮೆರುಗಿಗೆ ದಖನಿನ ನಾಜೂಕು ಬೆರೆತ ಕೈ ಇದು.

ಈ ಕಲೆಗೆ ಆಸರೆಯಾದವರು ಸುರಪುರದ ನಾಯಕ ಅರಸರು. ಬರೆದವರಲ್ಲಿ ಗರುಡಾದ್ರಿ ಮನೆತನ ಹೆಸರಾದದ್ದು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು ಸೋತರು. ಸಂಸ್ಥಾನ ನಿಜಾಮರ ಪಾಲಾಯಿತು. ಅರಮನೆಯೇ ಇಲ್ಲದ ಮೇಲೆ ಚಿನ್ನ ಕೊಟ್ಟು ಚಿತ್ರ ಬರೆಸುವವರು ಯಾರು?

ಹೀಗೆ ಕೈತಪ್ಪಿದ ಶೈಲಿಯನ್ನು ಮತ್ತೆ ಕುಂಚಕ್ಕೆ ತಂದವರಲ್ಲಿ ಕಲಬುರಗಿಯ ವಿಜಯ ಹಾಗರಗುಂಡಗಿ ಪ್ರಮುಖರು. ಅದರ ಚರಿತ್ರೆಯನ್ನು ಹುಡುಕಿ ಬರೆದವರು ಇದೇ ನಗರದ ಕಲಾವಿದ ರೆಹಮಾನ್ ಪಟೇಲ್. ಇಬ್ಬರ ದುಡಿಮೆಯೂ ದೊಡ್ಡದು. ಆದರೆ ಒಂದು ಪರಂಪರೆ ಉಳಿಯಲು ಕಲಿಯುವ ಮಕ್ಕಳೂ ಬೇಕು, ಕೊಳ್ಳುವ ಮನೆಗಳೂ ಬೇಕು. ಕಮಲಾಪುರದ ಕೆಂಪು ಬಾಳೆಗೆ, ಬೀದರಿನ ಬಿದರಿ ಕುಸುರಿಗೆ ಭೌಗೋಳಿಕ ಸೂಚಿಕೆಯ ಮಾನ ಸಿಕ್ಕಿ ಊರಿನ ಹೆಸರು ದೂರದವರೆಗೆ ಹೋಯಿತು. ಸುರಪುರದ ಚಿತ್ರವನ್ನೂ ಹಾಗೆ ಹೆಸರು ಹಿಡಿದು ಕೇಳುವಂತಾಗಬೇಕು.

ಸುರಪುರದಿಂದ ಕಮಲಾಪುರದವರೆಗೆ ಈ ಸೀಮೆಯ ಯಾವ ಹಳೆಯ ಮನೆಯ ದೇವರ ಜಗುಲಿಯಲ್ಲೂ ಹೊಗೆ ಹಿಡಿದ ಇಂಥ ಪಟ ಇರಬಹುದು. ನಿಮ್ಮಲ್ಲಿದ್ದರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅಂಟಿನ ಬಣ್ಣ ನೀರಿಗೆ ಎದ್ದುಬರುತ್ತದೆ. ಗುಜರಿಗೂ ಹಾಕಬೇಡಿ. ಕಲಬುರಗಿಯ ಕಲಾವಿದರಿಗೆ ಒಮ್ಮೆ ತೋರಿಸಿ.