ಚೆನ್ನೈನ ಚಳಿಗಾಲ: ಸ್ವೆಟರಿಗಿಂತ ಕೊಡೆಯೇ ಮುಖ್ಯ

ಮಾರ್ಗಳಿ ಸಂಗೀತೋತ್ಸವಕ್ಕೆಂದು ಡಿಸೆಂಬರಿನಲ್ಲಿ ಚೆನ್ನೈಗೆ ಬರಲಿರುವ ಬಂಧುಗಳು ‘ಅಲ್ಲಿ ಚಳಿ ಹೇಗೆ? ಸ್ವೆಟರ್ ತರಬೇಕೇ?’ ಎಂದು ವಿಚಾರಿಸುವುದುಂಟು. ಅವರಿಗೆ ನಾವು ಮೊದಲು ತಿಳಿಸಬೇಕಾದುದು ಮಳೆಯ ವಿಚಾರವನ್ನು.

ಕರ್ನಾಟಕಕ್ಕೆ ಮಳೆ ತರುವ ನೈಋತ್ಯ ಮಾರುತವು ತನ್ನ ತೇವವನ್ನು ಬಹುಮಟ್ಟಿಗೆ ಪಶ್ಚಿಮ ಘಟ್ಟಗಳಲ್ಲೇ ಸುರಿಸಿಬಿಡುತ್ತದೆ. ಅಕ್ಟೋಬರಿನ ಬಳಿಕ ಗಾಳಿಯು ಈಶಾನ್ಯದಿಂದ ಬೀಸತೊಡಗಿ, ಬಂಗಾಳ ಕೊಲ್ಲಿಯ ಮೇಲೆ ತೇವವನ್ನು ಹೀರಿಕೊಂಡು ಚೆನ್ನೈಗೆ ಮಳೆ ತರುತ್ತದೆ. ನಗರದ ವಾರ್ಷಿಕ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಮೂರು ತಿಂಗಳಲ್ಲೇ ಬೀಳುತ್ತದೆ.

2015ರ ಮಹಾಪ್ರವಾಹ, 2016ರ ವಾರ್ದಾ ಚಂಡಮಾರುತ, 2023ರ ಮಿಚಾಂಗ್ ಚಂಡಮಾರುತ ಇವೆಲ್ಲವೂ ಸಂಭವಿಸಿದ್ದು ಡಿಸೆಂಬರಿನ ಮೊದಲ ಪಕ್ಷದಲ್ಲಿಯೇ. ಆದಕಾರಣ ವೃದ್ಧರನ್ನು ಕರೆತರುವವರು ತಿಂಗಳ ಕೊನೆಯ ವಾರವನ್ನು ಆರಿಸಿಕೊಳ್ಳುವುದು ಲೇಸು. ಮೊದಲೇ ಹೊರಡುವುದಾದರೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಗಮನಿಸತಕ್ಕದ್ದು.

ಇನ್ನು ಚಳಿಯ ಮಾತು. ಕಡಲು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಅದರ ಸಾಮೀಪ್ಯದಿಂದಾಗಿ ಜನವರಿಯಲ್ಲಿಯೂ ಇಲ್ಲಿನ ಉಷ್ಣತೆ ಸಾಮಾನ್ಯವಾಗಿ ಹಗಲಿನಲ್ಲಿ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದು, ರಾತ್ರಿ 21ರ ಸುಮಾರಿಗೆ ಇಳಿಯುತ್ತದೆ. ಬೆಂಗಳೂರಿನವರಿಗೆ ಇದು ಚಳಿಯೇ ಅಲ್ಲ. ಹತ್ತಿಯ ಉಡುಪು ಸಾಕು. ಹವಾನಿಯಂತ್ರಿತ ಸಭಾಂಗಣಗಳಲ್ಲಿ ಕಚೇರಿ ಕೇಳುವವರಿಗೆ ಮಾತ್ರ ಒಂದು ಶಾಲು ಬೇಕಾದೀತು.

ಜನವರಿ ಮಧ್ಯದ ಭೋಗಿ ಹಬ್ಬದ ಮುಂಜಾನೆ ಹಳೆಯ ವಸ್ತುಗಳನ್ನು ಸುಡುವ ಹೊಗೆಯು ಮಂಜಿನೊಡನೆ ಬೆರೆತು ದಟ್ಟೈಸುವುದುಂಟು. ಉಬ್ಬಸವುಳ್ಳವರು ಅಂದು ಬೆಳಗಿನ ವಾಯುವಿಹಾರವನ್ನು ಕೈಬಿಡುವುದು ಒಳಿತು. ಫೆಬ್ರವರಿ ಮುಗಿಯುವಷ್ಟರಲ್ಲಿ ಸೆಕೆ ಮರಳುತ್ತದೆ. ಊರು ಸುತ್ತಲು ಜನವರಿಯೇ ಸೊಗಸಾದ ತಿಂಗಳು.