ನ್ಯೂಜೆರ್ಸಿಯ ವಕೀಲರು ಡಲ್ಲಾಸ್ ಕೋರ್ಟಿನಲ್ಲಿ

ಡಲ್ಲಾಸ್‌ನಲ್ಲಿರುವ ಮಗಳ ವಿಚ್ಛೇದನದ ಕೇಸಿಗೆ ನ್ಯೂಜೆರ್ಸಿಯ ಪರಿಚಿತ ವಕೀಲರೇ ಸಾಕು ಎಂದು ಬೆಂಗಳೂರಿನ ತಂದೆತಾಯಿ ಅಂದುಕೊಂಡರೆ ಆಶ್ಚರ್ಯವೇನಿಲ್ಲ. ಕರ್ನಾಟಕದಲ್ಲಿ ಸನ್ನದು ಪಡೆದವರು ದೆಹಲಿಯಲ್ಲೂ ವಾದಿಸುತ್ತಾರೆ. 1961ರ ವಕೀಲರ ಕಾಯ್ದೆಯ 30ನೇ ಕಲಮು ಆ ಹಕ್ಕು ಕೊಟ್ಟಿದೆ (ಅದು ಜಾರಿಗೆ ಬರಲು 2011ರ ಜೂನ್‌ವರೆಗೆ ಕಾಯಬೇಕಾಯಿತು ಎನ್ನುವುದು ಬೇರೆ ಮಾತು). ಅಮೆರಿಕದ ಲೆಕ್ಕವೇ ಬೇರೆ.

ತಪ್ಪು ಕಲ್ಪನೆ: ಒಂದು ರಾಜ್ಯದ ಪರವಾನಗಿ ಇಡೀ ದೇಶಕ್ಕೆ ಸಲ್ಲುತ್ತದೆ.
ಇಲ್ಲ. ಪರವಾನಗಿ ಕೊಡುವುದು ಆಯಾ ರಾಜ್ಯ. ಹೊರಗಿನವರು ಆ ಒಂದು ಕೇಸಿಗಷ್ಟೇ ‘ಪ್ರೊ ಹ್ಯಾಕ್ ವೈಸ್’ ಎಂಬ ಅನುಮತಿ ಬೇಡಬೇಕು. ವಲಸೆ ಪ್ರಕರಣಗಳು ಇದಕ್ಕೆ ಹೊರತು: ಅದು ಫೆಡರಲ್ ಕಾನೂನಿನ ವಿಷಯವಾದ್ದರಿಂದ ಯಾವ ರಾಜ್ಯದ ವಕೀಲರಾದರೂ ನಡೆಯುತ್ತದೆ. ವೀಸಾ ಕೆಲಸ ಮಾಡಿಕೊಟ್ಟ ವಕೀಲರೇ ವಿಚ್ಛೇದನಕ್ಕೂ ಆಗುತ್ತಾರೆ ಎಂಬ ಭ್ರಮೆ ಹುಟ್ಟುವುದು ಬಹುಶಃ ಇಲ್ಲಿಂದಲೇ.

ತಪ್ಪು ಕಲ್ಪನೆ: ಅರ್ಜಿ ಹಾಕಿದರೆ ಅನುಮತಿ ಕೊಡಲೇಬೇಕು.
ಸಾಮಾನ್ಯವಾಗಿ ಸಿಗುತ್ತದೆ, ಆದರೆ ಹಕ್ಕಿನಿಂದಲ್ಲ. ‘ಹಸ್ಲರ್’ ಪತ್ರಿಕೆಯ ಲ್ಯಾರಿ ಫ್ಲಿಂಟ್ ಮೇಲೆ ಓಹಾಯೋದಲ್ಲಿ ಅಶ್ಲೀಲತೆಯ ಮೊಕದ್ದಮೆ ಹೂಡಿದಾಗ, ಅವರ ಪರ ನಿಂತ ನ್ಯೂಯಾರ್ಕ್ ವಕೀಲರಿಗೆ ಅಲ್ಲಿನ ಕೋರ್ಟು ವಿಚಾರಣೆಯನ್ನೇ ನಡೆಸದೆ ಬಾಗಿಲು ಮುಚ್ಚಿತು. ಹಾಗೆ ಹಾಜರಾಗುವುದು ಸಂವಿಧಾನ ರಕ್ಷಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 1979ರಲ್ಲಿ ಹೇಳಿತು. ನನಗೆ ಈ ತೀರ್ಪು ಇಂದಿಗೂ ಕಟುವೆನಿಸುತ್ತದೆ. ಆರೋಪಿ ನಂಬಿದ ವಕೀಲರನ್ನು ದೂರವಿಡುವಾಗ ಕಾರಣವನ್ನಾದರೂ ಹೇಳಬೇಡವೇ?

ತಪ್ಪು ಕಲ್ಪನೆ: ಕೇಸಿಗೊಂದು ಅರ್ಜಿ ಹಾಕುತ್ತ ಅಲ್ಲೇ ವಕೀಲಿ ನಡೆಸಬಹುದು.
ಫ್ಲೋರಿಡಾದಲ್ಲಿ 365 ದಿನಗಳೊಳಗೆ ಮೂರಕ್ಕಿಂತ ಹೆಚ್ಚು ಬೇರೆ ಬೇರೆ ಕೇಸು ಹಿಡಿದರೆ ಅದನ್ನು ಕಾಯಂ ವಕೀಲಿಕೆ ಎಂದೇ ಭಾವಿಸುತ್ತಾರೆ. ಕ್ಯಾಲಿಫೋರ್ನಿಯಾದ ನಿವಾಸಿಗೆ ಅಲ್ಲಿ ಈ ದಾರಿಯೇ ಇಲ್ಲ.

ತಪ್ಪು ಕಲ್ಪನೆ: ಸ್ಥಳೀಯ ವಕೀಲರದು ಬರೀ ಸಹಿ.
ಬಹುತೇಕ ರಾಜ್ಯಗಳು ಸ್ಥಳೀಯರೊಬ್ಬರು ಜೊತೆಗಿರಬೇಕು ಎನ್ನುತ್ತವೆ. ಎಷ್ಟರಮಟ್ಟಿಗೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೇಗಿದ್ದರೂ ಎರಡು ಫೀಜಿನ ಹೊರೆ ಕಕ್ಷಿದಾರರದು. ಇದನ್ನು ಮೊದಲೇ ಕೇಳಿಕೊಳ್ಳುವುದು ಜಾಣತನ. ನಮ್ಮಲ್ಲೂ ಅಲಹಾಬಾದ್ ಹೈಕೋರ್ಟು ಹೊರರಾಜ್ಯದ ವಕೀಲರಿಗೆ ಇಂಥ ಜೊತೆಗಾರರನ್ನು ಕಡ್ಡಾಯ ಮಾಡಿದೆ; 2016ರಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ನಿಯಮವನ್ನು ಎತ್ತಿಹಿಡಿಯಿತು.

ತಪ್ಪು ಕಲ್ಪನೆ: ಕೋರ್ಟಿನ ಮೆಟ್ಟಿಲು ಹತ್ತದಿದ್ದರೆ ಅನುಮತಿಯ ಗೊಡವೆಯಿಲ್ಲ.
ನ್ಯೂಯಾರ್ಕಿನ ಬರ್ಬ್ರೋವರ್ ಎಂಬ ವಕೀಲರ ಸಂಸ್ಥೆ ಕ್ಯಾಲಿಫೋರ್ನಿಯಾದಲ್ಲಿ ಕಕ್ಷಿದಾರರ ಪರ ಸಲಹೆ, ಸಂಧಾನ ನಡೆಸಿ ಪಂಚಾಯ್ತಿಗೆ (ಆರ್ಬಿಟ್ರೇಷನ್‌ಗೆ) ಅರ್ಜಿಯನ್ನೂ ಹಾಕಿತ್ತು. ಅಲ್ಲಿ ಪರವಾನಗಿಯಿಲ್ಲದೆ ಮಾಡಿದ ಕೆಲಸಕ್ಕೆ ಫೀಜು ಕೇಳುವಂತಿಲ್ಲ ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ತೀರ್ಪಿತ್ತಿತು. ಆಮೇಲೆ ಶಾಸನಸಭೆಯೇ ಕಾನೂನು ಮಾಡಿ, ಪಂಚಾಯ್ತಿಗೆ ಬರುವ ಹೊರಗಿನ ವಕೀಲರಿಗೆ ಪ್ರತ್ಯೇಕ ದಾರಿ ಮಾಡಿಕೊಟ್ಟಿತು. ಅದಕ್ಕೂ ಅರ್ಜಿಯುಂಟು, ಶುಲ್ಕವುಂಟು, ಸ್ಥಳೀಯ ವಕೀಲರೂ ಬೇಕು.